ಉದ್ರಿ ಇಲ್ಲದ ಊರಿನ ವಿಜ್ಞಾನಿಗಳು

ಹುಟ್ಟದೇ ಇರುವವರ ಆಸ್ತಿಪಾಸ್ತಿ ಲೆಕ್ಕ ಹಾಕುವ ಕೆಲಸವನ್ನೂ ಅಮೆರಿಕದವರು ಸಂಬಳ ಕೊಟ್ಟು ಮಾಡಿಸುತ್ತಾರೆ. ಫೋರ್ಬ್ಸ್ ಪತ್ರಿಕೆ ಆಗಾಗ ಕಾಲ್ಪನಿಕ ಶ್ರೀಮಂತರದೊಂದು ಪಟ್ಟಿ ಪ್ರಕಟಿಸುತ್ತಿತ್ತು. 2013ರ ಪಟ್ಟಿಯಲ್ಲಿ ಮೊದಲ ಸ್ಥಾನ ಡಿಸ್ನಿಯ ಬಾತುಕೋಳಿ ಸ್ಕ್ರೂಜ್ ಮೆಕ್‌ಡಕ್‌ನದು, ಎರಡನೆಯದು ಬಂಗಾರದ ರಾಶಿಯ ಮೇಲೆ ಮಲಗುವ ಸ್ಮಾಗ್ ಎಂಬ ಡ್ರ್ಯಾಗನ್ನಿನದು. ನಾಲ್ಕನೆಯ ಸ್ಥಾನದಲ್ಲಿ ಐರನ್ ಮ್ಯಾನ್ ಟೋನಿ ಸ್ಟಾರ್ಕ್ ಇದ್ದ. ಅವನ ಆಸ್ತಿ 12.4 ಶತಕೋಟಿ ಡಾಲರ್. ಆಗಿನ ದರದಲ್ಲಿ ಎಪ್ಪತ್ತು ಸಾವಿರ ಕೋಟಿ ರೂಪಾಯಿ ದಾಟುವ ಗಂಟು. ಇಷ್ಟು ಬರೆದುಕೊಳ್ಳುವಾಗ ಯಾರೂ ಅವನಿಗೆ ಉತಾರ ಕೇಳಲಿಲ್ಲ, ಜಾಮೀನುದಾರರನ್ನು ಕರೆತಾ ಅನ್ನಲಿಲ್ಲ. ಟಿಕೋಟಾದ ನಮ್ಮ ಕಾಕಾ ತನ್ನ ದ್ರಾಕ್ಷಿ ತೋಟದ ಮೇಲೆ ಸಾಲ ಎತ್ತಲು ಹೋದರೆ, ಆ ತೋಟ ಭೂಮಿಯ ಮೇಲೆ ಇದೆ ಎಂದು ರುಜುವಾತು ಮಾಡುವಷ್ಟರಲ್ಲಿ ಒಂದು ಬೆಳೆ ಬಂದು ಹೋಗಿರುತ್ತದೆ. ಶ್ರೀಮಂತನಾಗಬೇಕೆಂದರೆ ಮೊದಲು ಕಾಲ್ಪನಿಕನಾಗಬೇಕು ಎಂಬ ಅನುಮಾನ ನನಗೆ ಬಂದದ್ದು ಹೀಗೆ.

ಸ್ಟಾರ್ಕ್ 1963ರಲ್ಲಿ ಕಾಮಿಕ್ಸಿನಲ್ಲಿ ಹುಟ್ಟಿದ, 2008ರಲ್ಲಿ ದೊಡ್ಡ ಪರದೆಗೆ ಬಂದ, ಆಮೇಲೊಂದು ರಾತ್ರಿ ಹಿಂದಿಯಲ್ಲಿ ಮಾತಾಡುತ್ತ ಕಾಕಾನ ಟಿವಿಗೂ ಬಂದ. ಕಾಕಾ ರಾತ್ರಿ ಪಾಳಿಯ ಥ್ರೀ ಫೇಜ್ ಕರೆಂಟಿನ ದಾರಿ ಕಾಯುತ್ತ ಎದ್ದು ಕೂತಿದ್ದ; ಕರೆಂಟು ಬಂದ ಕೂಡಲೇ ಬೋರಿನ ಮೋಟಾರು ಚಾಲೂ ಮಾಡಬೇಕಿತ್ತು. ಪರದೆಯ ಮೇಲೆ ನಾಯಕ ಅಫ್ಘಾನಿಸ್ತಾನದ ಗುಹೆಯೊಂದರಲ್ಲಿ ಸೆರೆಯಾಗಿ, ಕ್ಷಿಪಣಿಯ ಬಿಡಿಭಾಗ ಬಿಚ್ಚಿ ಹಾರುವ ಕವಚ ಬಡಿದು ಕೂಡಿಸುತ್ತಿದ್ದ. ಮನುಷ್ಯ ಹಾರಿದ್ದಕ್ಕೆ ಕಾಕಾ ಹುಬ್ಬೂ ಏರಿಸಲಿಲ್ಲ.

“ಆ ಗವ್ಯಾಗ ವೆಲ್ಡಿಂಗಿಗೆ ಥ್ರೀ ಫೇಜ್ ಎಲ್ಲಿಂದ ಬಂತೋ ತಮ್ಮಾ?”

“ಕಾರಿನ ಬ್ಯಾಟ್ರಿ ಇತ್ತಲ್ಲ ಕಾಕಾ.”

“ನಮ್ಮಲ್ಲಿ ಒಂದು ಫೇಜ್ ಹೋದ್ರ ಮೋಟಾರ ಬರೇ ಗುರ್ ಅಂತದ, ಹನಿ ನೀರು ಬರಂಗಿಲ್ಲ. ಇಂವ ಬ್ಯಾಟ್ರಿ ಮ್ಯಾಲ ವಿಮಾನ ಮಾಡ್ಯಾನ. ಇರ್ಲಿ, ಮಾಡ್ಲಿ. ಈ ಕಬ್ಬಿಣದ ಉದ್ರಿ ಯಾರ ಹೆಸರಿಗಿ ಬರಿಸ್ಯಾನ?”

ಅವನು ಉದ್ರಿ ತರುವವನಲ್ಲ, ಅವರಪ್ಪನದೇ ದೊಡ್ಡ ಕಾರ್ಖಾನೆ ಇತ್ತು ಎಂದೆ. ಕಾಕಾನ ಆಸಕ್ತಿ ಅಲ್ಲಿಗೇ ಇಳಿಯಿತು. “ಅಪ್ಪನ ಕಾರ್ಖಾನಿ ಇದ್ದಾಂವ ಸಾಹುಕಾರ ಆಗೂದು ಶೋಧ ಅಲ್ಲ, ವಾರಸಾ” ಎಂದು ಟಾರ್ಚ್ ಹಿಡಿದು ತೋಟಕ್ಕೆ ನಡೆದ.

ಕಾಕಾ ಹೋದ ಮೇಲೆ ನಾನು ಓದಿದ, ನೋಡಿದ ಕಾಲ್ಪನಿಕ ವಿಜ್ಞಾನಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಯೋಚಿಸಿದೆ. ಅವರ ಊರಲ್ಲಿ ಗುರುತ್ವಾಕರ್ಷಣೆ ಇಲ್ಲದಿದ್ದರೆ ಓದುಗರು ಒಪ್ಪುತ್ತಾರೆ. ಆದರೆ ಆ ಊರಲ್ಲಿ ನಿಜವಾಗಿ ಇಲ್ಲದೇ ಇರುವುದು ಉದ್ರಿ. ಒಂದು ಪುಟದಲ್ಲಿ ಯಂತ್ರ ಗುಂಯ್‌ಗುಟ್ಟುತ್ತದೆ, ಮುಂದಿನ ಪುಟದಲ್ಲಿ ವಿಜ್ಞಾನಿ ಬಂಗಲೆಯಲ್ಲಿರುತ್ತಾನೆ. ನಡುವೆ ‘ಬೆಳಿ ಬಂದ ಮ್ಯಾಲ ಕೊಡತೀನಿ’ ಎನ್ನುವ ಗಿರಾಕಿಯಿಲ್ಲ, ‘ಇಂದು ನಗದು ನಾಳೆ ಉದ್ರಿ’ ಎಂಬ ಬೋರ್ಡು ನೇತುಹಾಕುವ ಪ್ರಸಂಗವಿಲ್ಲ. ಇಯಾನ್ ಫ್ಲೆಮಿಂಗ್ 1964ರಲ್ಲಿ ಮಕ್ಕಳಿಗಾಗಿ ಬರೆದ ಕಾದಂಬರಿಯ ಪಾಟ್ ಎಂಬ ಸಂಶೋಧಕ, ಸೀಟಿ ಊದಲು ಬರುವ ಮಿಠಾಯಿಯೊಂದನ್ನು ಕಂಡುಹಿಡಿದು ಮಿಠಾಯಿ ಕಾರ್ಖಾನೆಯ ಮಾಲೀಕನಿಗೆ ಮಾರುತ್ತಾನೆ. ಬಂದ ಹಣದಲ್ಲಿ ಕಾರು ಕೊಳ್ಳುತ್ತಾನೆ. ನಮ್ಮ ವಿಜಯಪುರದ ಗಾಂಧಿ ಚೌಕದ ಯಾವ ಅಂಗಡಿಕಾರನಾದರೂ ‘ನಾಲ್ಕು ಡಬ್ಬಿ ಇಟ್ಟು ಹೋಗ್ರಿ, ಹೋದ್ರ ರೊಕ್ಕ, ಇಲ್ಲಾಂದ್ರ ವಾಪಸ್’ ಅನ್ನದೆ ಬಿಡುತ್ತಿದ್ದನೇ?

ಅದೇ 1964ರಲ್ಲಿ ರೋಲ್ಡ್ ಡಾಲ್ ಸೃಷ್ಟಿಸಿದ ವಿಲ್ಲಿ ವೊಂಕಾ ಮಾತ್ರ, ಆಮೇಲೆ ಕತೆ ಹೇಳಿದಾಗ, ಕಾಕಾನಿಗೆ ಸ್ವಲ್ಪ ಹಿಡಿಸಿದ. ವೊಂಕಾನ ಚಾಕೊಲೇಟ್ ಕಾರ್ಖಾನೆಗೆ ಪ್ರತಿಸ್ಪರ್ಧಿಗಳು ಕೂಲಿಯಾಳುಗಳ ವೇಷದಲ್ಲಿ ಗೂಢಚಾರರನ್ನು ಕಳಿಸಿ ಮಸಾಲೆಯ ಗುಟ್ಟನ್ನೆಲ್ಲ ಕದಿಯುತ್ತಾರೆ. ಅವನು ಎಲ್ಲ ಕೆಲಸಗಾರರನ್ನೂ ಹೊರಗೆ ಹಾಕಿ ಬಾಗಿಲು ಜಡಿಯುತ್ತಾನೆ. ಆಮೇಲೆ ಒಳಗೆ ದುಡಿಯುವ ಕುಳ್ಳ ಜನರಿಗೆ ಕೂಲಿಯಾಗಿ ಕೋಕೋ ಬೀಜ ಕೊಡುತ್ತಾನೆ. “ಅದು ಆಯ” ಎಂದ ಕಾಕಾ, ತಟ್ಟನೆ. ಹೌದು, ನಮ್ಮ ಹಳ್ಳಿಗಳಲ್ಲಿ ಬಡಿಗೇರರು, ಕಂಬಾರರು ವರ್ಷವಿಡೀ ಕುಂಟೆ, ಕೂರಿಗೆ ಮಾಡಿಕೊಟ್ಟು, ರಾಶಿಯ ದಿನ ಕಣಕ್ಕೆ ಬಂದು ಜೋಳ ಅಳೆಸಿಕೊಂಡು ಹೋಗುತ್ತಿದ್ದರು. ವಿಜ್ಞಾನಕ್ಕೆ ಉದ್ರಿ ಕೊಡುವ ಪದ್ಧತಿಗೆ ಇಷ್ಟು ಗೌರವದ ವ್ಯವಸ್ಥೆ ಬೇರೆಲ್ಲಿತ್ತೋ ತಿಳಿಯದು. ಬಿದಿರಿನ ಕೊಳವೆಗಳಿಂದ ಏಕಕಾಲಕ್ಕೆ ನಾಲ್ಕು ಸಾಲು ಕಾಳು ಬೀಳಿಸುವ ಕೂರಿಗೆ ಸಣ್ಣ ಬುದ್ಧಿಯ ಕೆಲಸವಲ್ಲ. ಅದನ್ನು ಮೊದಲು ಮಾಡಿದವನ ಹೆಸರು ಫೋರ್ಬ್ಸಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮಳೆ ಹೋದ ವರ್ಷ ಅವನ ಆಯವೂ ಹೋಗಿರುತ್ತದೆ.

ಹಿಂದಿಯ ‘3 ಈಡಿಯಟ್ಸ್’ ಬಂದದ್ದು 2009ರಲ್ಲಿ. ಕೊನೆಗೆ ನಾಯಕ 400 ಪೇಟೆಂಟುಗಳ ಒಡೆಯನೆಂದು ಗೊತ್ತಾಗುತ್ತದೆ. ಅವನ ಸಹಿಗಾಗಿ ಕಂಪನಿಯವರು ಲಡಾಖ್‌ವರೆಗೆ ಓಡಿ ಬರುತ್ತಾರೆ. ಅಲ್ಲಿನ ಶಾಲೆಯಲ್ಲಿ ಕಾಣುವ ಯಂತ್ರಗಳು ಮಾತ್ರ ಕಾಲ್ಪನಿಕವಲ್ಲ. ಸ್ಕೂಟರಿನಿಂದ ತಿರುಗುವ ಹಿಟ್ಟಿನ ಗಿರಣಿ ಮಹಾರಾಷ್ಟ್ರದ ಜಳಗಾಂವದ ಪೇಂಟರ್ ಜಹಾಂಗೀರರ ಶೋಧ, ಸೈಕಲ್ ತುಳಿದು ಪ್ರಾಣಿಗಳ ಕೂದಲು ಕತ್ತರಿಸುವುದು ಉತ್ತರ ಪ್ರದೇಶದ ಮಹಮ್ಮದ್ ಇದ್ರಿಸರದು, ಪೆಡಲಿನ ವಾಷಿಂಗ್ ಮಷೀನು ಕೇರಳದ ರೆಮ್ಯಾ ಜೋಸ್ ಅವರದು. ಯಂತ್ರ ನಿಜವಾದವರದು, ಪೇಟೆಂಟಿನ ಪುಣ್ಯ ಮಾತ್ರ ಹುಟ್ಟದೇ ಇದ್ದವನಿಗೆ. ಇಲ್ಲೂ ನನ್ನ ಅನುಮಾನ ಗಟ್ಟಿಯಾಯಿತು.

ಕಾಕಾ ಕೂಡ ಒಂದು ಯಂತ್ರ ಮಾಡಿದವನೇ. ಟಿಕೋಟಾ ಸೀಮೆಯಲ್ಲಿ ದ್ರಾಕ್ಷಿಯನ್ನು ಹೆಚ್ಚಾಗಿ ಮಣೂಕ ಮಾಡುತ್ತಾರೆ. ಗೊಂಚಲನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿಗೆ ಅದ್ದಿ, ಗೋಡೆಯಿಲ್ಲದ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳ ಮೇಲೆ ಹರಡುತ್ತಾರೆ. ಗಾಳಿ ಆಡಿದರೆ ಎರಡು ವಾರದಲ್ಲಿ ಒಣಗುತ್ತದೆ. ನಡುವೆ ಅಡ್ಡಮಳೆ ಬಂದರೆ ಬಣ್ಣ ಕಪ್ಪಾಗಿ ದರವೂ ಕಪ್ಪಾಗುತ್ತದೆ. ಒಣಗಿದ್ದನ್ನು ಬಲೆ ಅಲುಗಾಡಿಸಿ ಕೆಳಗೆ ಉದುರಿಸಬೇಕು. ಈ ಅಲುಗಾಡಿಸುವ ಕೆಲಸಕ್ಕೆ ಆಳು ಸಿಗದ ವರ್ಷ ಕಾಕಾ ಹಳೆಯ ಕೂಲರಿನ ಮೋಟಾರು, ಬೈಕಿನ ಸ್ಪ್ರಿಂಗು, ಒಂದು ಸೈಕಲ್ ಚೈನು ಕೂಡಿಸಿ ಯಂತ್ರ ಕಟ್ಟಿದ. ಮೊದಲ ಸಲ ಚಾಲೂ ಮಾಡಿದಾಗ ಮಣೂಕದ ಜತೆ ಶೆಡ್ಡಿನ ಎರಡು ತಗಡೂ ಉದುರಿದವು. ಕಾಕಿ ಒಳಗಿನಿಂದಲೇ, “ಮನಿ ಬಿಟ್ಟು ಉದುರ್ಸ್ರಿ” ಎಂದಳು.

ಸ್ಪ್ರಿಂಗು ಬದಲಾಯಿಸಿದ ಮೇಲೆ ಯಂತ್ರ ಹದಕ್ಕೆ ಬಂತು. ಆಮೇಲೆ ನೋಡಲು ಜನ ಬಂದರು. ಬಂದವರಿಗೆಲ್ಲ ಕಾಕಾ ಚಹಾ ಕುಡಿಸಿ, ಯಂತ್ರ ಬಿಚ್ಚಿ ತೋರಿಸಿದ. ವೊಂಕಾನ ಶತ್ರುಗಳು ಗೂಢಚಾರರಿಗೆ ವೇಷ ಹಾಕಿಸಬೇಕಾಯಿತು; ಟಿಕೋಟಾದಲ್ಲಿ ಅವರು ಸ್ವಂತ ವೇಷದಲ್ಲೇ ಬಂದು, ಅಳತೆ ಬರೆದುಕೊಳ್ಳಲು ಕಾಕಾನ ಹತ್ತಿರವೇ ಪೆನ್ನು ಕೇಳಿದರು. ಮರುವರ್ಷ ಸ್ಥಳೀಯ ವೆಲ್ಡರ್ ಅದನ್ನೇ ನುಣುಪಾಗಿ, ಹಸಿರು ಬಣ್ಣ ಬಳಿದು ಮಾರತೊಡಗಿದ. ಅದು ಸಪ್ಪಳವೂ ಕಡಿಮೆ ಮಾಡುತ್ತಿತ್ತು. ಕಾಕಾನ ಯಂತ್ರ ಸುಟ್ಟುಹೋದಾಗ ಅವನೂ ಅಲ್ಲಿಗೇ ಹೋಗಿ, ತನ್ನದೇ ಶೋಧವನ್ನು ಕೊಳ್ಳಲು ನಿಂತ. ರೊಕ್ಕ ಮುಂದಿನ ವಾರ ಕೊಡುವುದಾಗಿ ಹೇಳಿದನಂತೆ. ವೆಲ್ಡರ್ ಬಹಳ ಮರ್ಯಾದೆಯಿಂದ ಬೋರ್ಡು ತೋರಿಸಿದನಂತೆ.

ವಿಜಯಪುರದವರಿಗೆ ಇದು ಹೊಸ ಸಂಗತಿಯಲ್ಲ. ಊರಿನ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ರೂಮಿ ಎಂಬ ಎರಕದ ಜಾಣ ಅದನ್ನು ಹೊಯ್ದ. ಸುಮಾರು 55 ಟನ್ ತೂಕದ ಲೋಹ, ಬಾಯಲ್ಲಿ ಆನೆಯನ್ನು ಕಚ್ಚಿದ ಸಿಂಹ, ತಟ್ಟಿದರೆ ಗಂಟೆಯ ನಾದ. ಆ ಕಾಲದ ಟೋನಿ ಸ್ಟಾರ್ಕ್ ಅಂದರೆ ಇವನೇ. ತೋಪು ಮಾತ್ರ ಗೆದ್ದವರ ಪಾಲಾಗಿ ಇಲ್ಲಿಗೆ ಬಂತು. ಎಳೆದು ತರಲು 400 ಎತ್ತು, 10 ಆನೆ ಬೇಕಾದವೆಂದು ಗೈಡುಗಳು ಹೇಳುತ್ತಾರೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ ಕೂಗಿದ ಬೆಲೆ 150 ರೂಪಾಯಿ. ಟನ್ನಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಮೋಡ್ಕಾ ಅಂಗಡಿಯವನು ಒಡೆದ ಬಕೀಟಿಗೆ ಹೇಳುವ ಧಾಟಿ ಅದು. ಪುಣ್ಯಕ್ಕೆ ಹರಾಜು ರದ್ದಾಯಿತು.

ಇಬ್ರಾಹಿಂ ರೋಜಾ ಕಟ್ಟಿದ ಮಲಿಕ್ ಸಂದಲ್ ಇನ್ನೂ ಹುಷಾರು ಮನುಷ್ಯ. ಆ ಗೋರಿಮಂದಿರಕ್ಕೆ ತಗುಲಿದ ಖರ್ಚು ಒಂದೂವರೆ ಲಕ್ಷ ಹೊನ್ನು, ಮೇಲೆ 900 ಎಂದು ಅಲ್ಲಿಯ ಕಲ್ಲಿನಲ್ಲೇ ಕೊರೆದಿದೆ. ಆ ಒಂದೂವರೆ ಲಕ್ಷದ ಬಗ್ಗೆ ನನಗೆ ಕುತೂಹಲವಿಲ್ಲ, ಬಾದಶಹರ ಲೆಕ್ಕ. ನಾನು ನಮಸ್ಕಾರ ಮಾಡುವುದು ಆ 900ಕ್ಕೆ. ಅಂದಾಜು ಪಟ್ಟಿ ಮೀರಿದ ಬಾಕಿಯನ್ನು ಗಿರಾಕಿ ಮರೆಯದ ಹಾಗೆ ಅವನ ಗೋರಿಯಲ್ಲೇ ಬರೆಸಿಟ್ಟ ಗುತ್ತಿಗೆದಾರ ಮತ್ತೊಬ್ಬನಿಲ್ಲ.

ನಮ್ಮ ಕಡೆಯ ನಿಜವಾದ ಸಂಶೋಧಕರೆಂದರೆ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ. ಹುಡುಗನಾಗಿದ್ದಾಗ ಬೆಳಿಗ್ಗೆ ಎಚ್ಚರವಾಗದೆ, ಅಲಾರಂನ ಕೀಲಿಗೆ ದಾರ ಕಟ್ಟಿ, ಅದು ಸುತ್ತಿಕೊಂಡಾಗ ನೀರಿನ ಬಾಟಲಿ ಬಾಗಿ ಮುಖದ ಮೇಲೆ ಸುರಿಯುವ ಏರ್ಪಾಟು ಮಾಡಿಕೊಂಡರು. ಮಾರುಕಟ್ಟೆಯೇ ಇಲ್ಲದ ಶೋಧ ಅದು, ಯಾಕೆಂದರೆ ಉತ್ತರ ಕರ್ನಾಟಕದಲ್ಲಿ ಆ ಸೇವೆಯನ್ನು ಅವ್ವಂದಿರು ಪುಕ್ಕಟೆ ಒದಗಿಸುತ್ತಾರೆ. ಮುಂದೆ ಅವರು ಹುಣಸೆ ಬೆಳೆದರು, ಹುಣಸೆ ಬಂದದ್ದಕ್ಕೆ ಬೀಜ ಬಿಡಿಸುವ ಯಂತ್ರ ಮಾಡಿದರು, ಬಿತ್ತುವ ಕೂರಿಗೆಯನ್ನು ಟ್ರ್ಯಾಕ್ಟರಿಗೆ ಹೊಂದಿಸಿದರು. ಒಂದು ತೊಂದರೆ ಬಗೆಹರಿಸಿದರೆ ಅದರ ಬೆನ್ನಿಗೆ ಇನ್ನೊಂದು ಬರುತ್ತಿತ್ತು. ಹೊಲದ ಶೋಧ ನಡೆಯುವುದೇ ಹಾಗೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಫೋರ್ಬ್ಸಿನವರ ಪಟ್ಟಿಗೆ ಇಂಥವರು ಬರುವುದಿಲ್ಲ, ಇವರು ನಿಜವಾಗಿ ಇದ್ದಾರಲ್ಲ!

ಬಬಲೇಶ್ವರದ ಶಾಲೆಯಲ್ಲಿ ಓದುವ ಅಕ್ಕನ ಮಗ ಈಚೆಗೆ ಗ್ಯಾದರಿಂಗಿಗೆ ಒಂದು ನಾಟಕ ಬೇಕೆಂದ. “ಮಾಮಾ, ನಮ್ಮೂರಾಗ ಒಬ್ಬ ವಿಜ್ಞಾನಿ ಇರ್ಬೇಕು, ಕಡೀಕ ಸಾಹುಕಾರ ಆಗ್ಬೇಕು.” ಮೊದಲ ಭಾಗ ಸುಲಭ. ಎರಡನೆಯ ಭಾಗಕ್ಕೆ ನಾನು ಪ್ರಾಮಾಣಿಕವಾಗಿ ಒದ್ದಾಡಿದೆ. ಕೊನೆಗೆ ನಡೆಯಬಹುದಾದ ಒಂದೇ ದಾರಿ ಹೊಳೆಯಿತು: ವಿಜ್ಞಾನಿಯ ತಗಡಿನ ಶೆಡ್ಡು ರಸ್ತೆಯ ದಂಡೆಗಿದೆ, ಬಬಲೇಶ್ವರ ತಾಲ್ಲೂಕು ಕೇಂದ್ರವಾಗುತ್ತದೆ, ಜಾಗದ ರೇಟು ಏರುತ್ತದೆ, ಅವನು ಯಂತ್ರಗಳನ್ನು ಮೋಡ್ಕಾಕ್ಕೆ ಹಾಕಿ ಪ್ಲಾಟು ಮಾರಿ ಕೋಟ್ಯಧೀಶನಾಗುತ್ತಾನೆ. ಹುಡುಗ ಓದಿ ಮುಖ ಸಿಂಡರಿಸಿದ. “ಇದು ಪ್ಲಾಟಿನ ಕತಿ ಮಾಮಾ, ವಿಜ್ಞಾನದ್ದಲ್ಲ.”

ತಿದ್ದಿ ಬರೆದೆ. ಈ ಸಲ ವಿಜ್ಞಾನಿ ಹಾರುವ ಕವಚ ಮಾಡುತ್ತಾನೆ, ದ್ರಾಕ್ಷಿ ತೋಟದ ಮೇಲೆ ಹಾರುತ್ತ ಔಷಧ ಹೊಡೆಯುತ್ತಾನೆ. ಇಡೀ ತಾಲ್ಲೂಕಿನ ರೈತರು ಕವಚ ಒಯ್ಯುತ್ತಾರೆ. ಸುಗ್ಗಿ ಮುಗಿದ ಮೇಲೆ ಎಲ್ಲರೂ ಸಾಲುಗಟ್ಟಿ ಬಂದು ಬಾಕಿ ಚುಕ್ತಾ ಮಾಡುತ್ತಾರೆ, ವಿಜ್ಞಾನಿ ಸಾಹುಕಾರನಾಗುತ್ತಾನೆ. ಹುಡುಗನಿಗೆ ಖುಷಿಯಾಯಿತು. ಒಮ್ಮೆ ಕಾಕಾನ ಕಿವಿಗೂ ಹಾಕೋಣವೆಂದು ಓದಿ ಹೇಳಿದೆ. ಹಾರುವ ಜಾಗಕ್ಕೆ ಬಂದಾಗ ಕಾಕಾ ಗಂಭೀರವಾಗಿ, “ಔಷಧ ಎಷ್ಟು ಲೀಟರ್ ಹಿಡೀತದ?” ಎಂದು ಕೇಳಿದ. ಇಪ್ಪತ್ತು ಎಂದೆ. ಸಾಲದು, ಮೂವತ್ತು ಬರಿ ಎಂದ. ಕೊನೆಯ ದೃಶ್ಯ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆ ಅಲ್ಲಾಡಿಸಿದ.

“ಹಾರೂದೆಲ್ಲ ಬರೋಬ್ಬರಿ ಐತಿ ತಮ್ಮಾ. ಮಂದಿ ತಾವಾಗೇ ಬಂದು ಉದ್ರಿ ತೀರ್ಸಿದ್ರಂತ ಬರದೀಯಲ್ಲ, ಅದೊಂದು ತಗಿ. ಸಾಲಿ ಹುಡುಗ್ರು ನೋಡೂ ನಾಟಕ, ವಿಜ್ಞಾನ ಅಂದ್ರ ಬರೇ ಸುಳ್ಳಂತ ತಿಳ್ಕೊಂಡಾರು.”