ಹೆರಿಗೆ ಎಂಬ ಸಾಹಸ ಕ್ರೀಡೆ

ಸಂಬಳಕ್ಕಾಗಿ ವಿಮಾನದಿಂದ ಜಿಗಿಯುವವರು, ಕಡಲ ತಳಕ್ಕೆ ಮುಳುಗುವವರು, ಕುಡಿದು ಲಿವರ್ ಕೆಡಿಸಿಕೊಂಡವರು, ಅಪರಾಧ ಮಾಡಲು ಹೋಗಿ ಕಾಲು ಮುರಿದುಕೊಂಡವರು, ಚೆಂದ ಕಾಣಲೆಂದು ಮೂಗು ತಿದ್ದಿಸಿಕೊಳ್ಳುವವರು. ಇವರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದಾರೆ. ಸಾಲಿನ ಕಟ್ಟಕಡೆಯಲ್ಲಿ ಸೊಂಟ ಹಿಡಿದುಕೊಂಡು ಒಬ್ಬ ತುಂಬು ಬಸುರಿ. ಆರೋಗ್ಯ ವಿಮೆಯಲ್ಲಿ ಯಾವ್ಯಾವುದಕ್ಕೆ ದುಡ್ಡು ಕೊಡದೆ ಇರಬಹುದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಕಂಪನಿಗಳಿಗೆ ಒಂದು ಮಾದರಿ ಪಟ್ಟಿ ಹಾಕಿಕೊಟ್ಟಿದೆ. ಅದರಲ್ಲಿ ಹದಿನೆಂಟನೆಯ ಕೋಡ್ ನಂಬರಿನ ಬಾಬತ್ತೇ ಹೆರಿಗೆ. ಸಿಸೇರಿಯನ್ ಆಗಲಿ, ಕಷ್ಟದ ಹೆರಿಗೆಯಾಗಲಿ, ಎಲ್ಲವೂ ಹೊರಗೆ.

ಪಟ್ಟಿ ಬರೆದವರು ಕಟುಕರೇನಲ್ಲ. ಒಂದು ವಿನಾಯಿತಿ ಇಟ್ಟಿದ್ದಾರೆ. ಪಿಂಡ ಗರ್ಭಕೋಶದಲ್ಲಿ ನೆಟ್ಟಗೆ ಕೂತು ಒಂಬತ್ತು ತಿಂಗಳು ಮರ್ಯಾದೆಯಿಂದ ಬೆಳೆದರೆ ನಯಾಪೈಸೆ ಇಲ್ಲ. ದಾರಿ ತಪ್ಪಿ ಗರ್ಭನಾಳದಲ್ಲಿ ಸಿಕ್ಕಿಕೊಂಡು ತಾಯಿಯ ಪ್ರಾಣಕ್ಕೇ ಸಂಚಕಾರ ತಂದರೆ ಆಗ ಕ್ಲೇಮ್ ಉಂಟು. ಗರ್ಭಪಾತವಾದರೂ ಇಲ್ಲ, ಅಪಘಾತದಿಂದ ಆಗಿದ್ದರೆ ಉಂಟು. ಒಟ್ಟಿನಲ್ಲಿ ಕಂಪನಿಯ ಕರುಣೆ ಒಲಿಯಬೇಕಾದರೆ ಮಗುವೂ ತಾಯಿಯೂ ಸೇರಿ ಏನಾದರೊಂದು ಅನಾಹುತ ಮಾಡಿಕೊಳ್ಳಬೇಕು.

ಕಂಪನಿಗಳ ವಾದದಲ್ಲೂ ಹುರುಳಿಲ್ಲದೆ ಇಲ್ಲ, ಒಪ್ಪೋಣ. ಬಸಿರು ನಿಂತ ಮೇಲೆ ಪಾಲಿಸಿ ಕೊಂಡು, ಹೆತ್ತ ಮೇಲೆ ಬಿಟ್ಟುಬಿಟ್ಟರೆ ಅವರ ಗತಿ? ವಿಮೆ ಇರುವುದು ಗೊತ್ತಿಲ್ಲದೆ ಬರುವ ಕಷ್ಟಕ್ಕೆ, ಒಂಬತ್ತು ತಿಂಗಳು ಮುಂಚೆಯೇ ಹೇಳಿಕಳಿಸಿ ಬರುವ ಖರ್ಚಿಗಲ್ಲ ಎನ್ನುತ್ತಾರೆ. ಸರಿ. ಇದೇ ತರ್ಕ ಹಿಡಿದರೆ ಸಾವಿಗಿಂತ ಖಚಿತವಾದದ್ದು ಯಾವುದಿದೆ? ಜೀವ ವಿಮೆ ಮಾರುವುದನ್ನು ಯಾರೂ ನಿಲ್ಲಿಸಿದಂತಿಲ್ಲ.

ಹೊರಗಿಟ್ಟದ್ದನ್ನು ಒಳಗೆ ತರಲು ಹಿಂಬಾಗಿಲೂ ಇದೆ. ಹೆಚ್ಚಿಗೆ ಪ್ರೀಮಿಯಂ ಕಟ್ಟಿದರೆ ಹೆರಿಗೆಯೂ ಸೇರುತ್ತದೆ, ಆದರೆ ಕಾಯಬೇಕು. ಕೆಲವು ಪಾಲಿಸಿಗಳಲ್ಲಿ ಒಂಬತ್ತು ತಿಂಗಳು, ಬಹಳಷ್ಟರಲ್ಲಿ ಎರಡರಿಂದ ನಾಲ್ಕು ವರ್ಷ. ನಮ್ಮ ಬೀದಿಯ ಏಜೆಂಟರು ಇದನ್ನು ಮಗನಿಗೆ ಹೆಣ್ಣು ನೋಡುತ್ತಿರುವ ಮನೆಗಳಿಗೇ ಹೋಗಿ ವಿವರಿಸುತ್ತಾರೆ. “ಹೆಂಡತಿ ಹೆಸರು ಸೇರಿದ ದಿನದಿಂದ ಲೆಕ್ಕ ಸಾರ್. ಈ ವೈಶಾಖದಲ್ಲಿ ಮದುವೆ ಮುಗಿಸಿ ಫಾರಂ ಹಾಕಿದ್ರೆ, ಮೂರನೇ ವೈಶಾಖದ ತನಕ ಮಕ್ಕಳು ಸ್ವಲ್ಪ ತಡ್ಕೋಬೇಕು.” ಮಕ್ಕಳು ಎಂದರೆ ಯಾರೆಂದು ಅವರು ಬಿಡಿಸಿ ಹೇಳುವುದಿಲ್ಲ. ಗೋಡೆಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸಿ ಸರ್ಕಾರ ದಶಕಗಟ್ಟಲೆ ಬೋಧಿಸಿದ ಅಂತರವನ್ನು ಈಗ ಪಾಲಿಸಿಯ ಸಣ್ಣಕ್ಷರ ಸದ್ದಿಲ್ಲದೆ ಮಾಡಿಸುತ್ತಿದೆ.

2024ರ ಏಪ್ರಿಲ್‌ನಲ್ಲಿ ಪ್ರಾಧಿಕಾರ ನಿಯಮಗಳನ್ನು ಸಡಿಲಿಸಿತು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಗರಿಷ್ಠ ಅವಧಿ 48 ತಿಂಗಳಿಂದ 36ಕ್ಕೆ ಇಳಿಯಿತು. ಸಕ್ಕರೆ ಕಾಯಿಲೆಯವರು ಸಕ್ಕರೆ ಹಂಚಲಾಗದೆ ಸುಮ್ಮನೆ ಸಂತೋಷಪಟ್ಟರು. ಬಸುರಿಯರು ಆ ಗುಂಪಿಗೆ ಸೇರಲಿಲ್ಲ. ಬಸಿರು ಕಾಯಿಲೆಯಲ್ಲ ಎಂದು ಇಡೀ ವಿಮಾ ಲೋಕ ಹೆಣ್ಣಿಗೆ ತೋರಿಸುವ ಗೌರವ ಅದು.

ನಮ್ಮಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನವನು. “ನಮಗೆ ಕಾಯೋ ರಗಳೆ ಇಲ್ಲ ಮಾಮ, ಕಂಪನಿ ಪಾಲಿಸಿ, ಸೇರಿದ ದಿನದಿಂದ್ಲೇ ಕವರ್ ಆಗುತ್ತೆ” ಎಂದು ಬೀಗುತ್ತಿದ್ದ. ನಿಜವೇ. ನಾರ್ಮಲ್ ಆದರೆ ಐವತ್ತು ಸಾವಿರ, ಸಿಸೇರಿಯನ್ ಆದರೆ ಎಪ್ಪತ್ತೈದು. ಹೆಂಡತಿಗೆ ಏಳು ತುಂಬಿ, ಸೀಮಂತದ ಹಸಿರು ಬಳೆ ಇನ್ನೂ ಕೈಯಲ್ಲಿರುವಾಗ ಪಾಲಿಸಿ ರಿನ್ಯೂವಲ್ಲಿಗೆ ಬಂತು. ಎಚ್‌ಆರ್ ಕಡೆಯಿಂದ “ನಿಮ್ಮ ಕುಟುಂಬದ ಆರೋಗ್ಯಕ್ಕೆ ಹೊಸ ಬಲ” ಎಂಬ ತಲೆಬರಹದ ಮೇಲ್. ತಲೆಬರಹದಲ್ಲಿ ಬಲ ಎಂದಿದ್ದರೆ ಒಳಗೆ ಏನೋ ಬಡವಾಗಿದೆ ಎಂಬುದು ಆ ಊರಿನ ನೌಕರರಿಗೆಲ್ಲ ತಿಳಿದ ವಿದ್ಯೆ. ಮೊದಲೆರಡು ಪ್ಯಾರಾ ಯೋಗ, ಧ್ಯಾನ, ಹಲ್ಲಿನ ಉಚಿತ ತಪಾಸಣೆ. ಏಳನೆಯ ಪ್ಯಾರಾದಲ್ಲಿ ಹೆರಿಗೆಯ ಮಿತಿ ಎರಡಕ್ಕೂ ಐವತ್ತು ಸಾವಿರ, ಮೇಲೆ ಶೇ 10 ನೌಕರನೇ ಹಾಕಿಕೊಳ್ಳತಕ್ಕದ್ದು, ಅದರ ಹೆಸರು ಕೋ-ಪೇ. ಹಲ್ಲು ತಪಾಸಣೆಯಿಂದ ಇಪ್ಪತ್ತೈದು ಸಾವಿರ ಸರಿದೂಗುತ್ತದೆಯೇ ಎಂದು ಅವನು ಕೇಳಲಿಲ್ಲ. ಆ ವಾರ ಕಚೇರಿಯಲ್ಲಿ ಕೆಲವರನ್ನು ಮನೆಗೆ ಕಳಿಸುವ ಸುದ್ದಿಯಿತ್ತು. ಹೆರಿಗೆ ರಜೆಯಲ್ಲಿರುವ ಹೆಣ್ಣನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂದು ಕಾನೂನಿದೆ. ಆ ರಜೆಯನ್ನು 2017ರಲ್ಲಿ 26 ವಾರಕ್ಕೆ ಏರಿಸಿಯೂ ಆಗಿದೆ. ಆದರೆ ಅವಳ ಹೆಸರು ಗಂಡನ ಕಾರ್ಡಿನಲ್ಲಿದ್ದು, ಗಂಡನ ಕೆಲಸ ಹೋದರೆ, ಲ್ಯಾಪ್‌ಟಾಪ್ ಜೊತೆಗೆ ಅವಳ ಹೆರಿಗೆಯನ್ನೂ ಹಿಂದಿರುಗಿಸಿ ಬರಬೇಕು.

ಇಷ್ಟೆಲ್ಲ ಅಭದ್ರತೆಯ ನಡುವೆ ಗಂಡಿನ ಕಡೆಯವರು ನೆಮ್ಮದಿಯಾಗಿರುತ್ತಾರಲ್ಲ, ಅದರ ಗುಟ್ಟು ಬೇರೆ. ಚೊಚ್ಚಲ ಹೆರಿಗೆ ತವರಿನದು. ಈ ದೇಶದ ಅತಿ ಹಳೆಯ, ಅತಿ ನಂಬಿಕಸ್ಥ ಕ್ಯಾಶ್‌ಲೆಸ್ ಪಾಲಿಸಿ ಎಂದರೆ ಹೆಣ್ಣು ಕೊಟ್ಟ ಮಾವ. ಕಾಯುವ ಅವಧಿ ಇಲ್ಲ. ಮಿತಿ ಇಲ್ಲ. ರೂಮ್ ಬಾಡಿಗೆಗೆ ಕತ್ತರಿ ಇಲ್ಲ. ಆಸ್ಪತ್ರೆಗೆ ಮೊದಲಿನ ಸೀಮಂತ, ಆಸ್ಪತ್ರೆಯ ನಂತರದ ಮೂರು ತಿಂಗಳ ಬಾಣಂತನ, ಎಣ್ಣೆ, ಅಂಟಿನುಂಡೆ, ತೊಟ್ಟಿಲು, ಮಗುವಿನ ಕೊರಳಿಗೆ ಚಿನ್ನ, ಎಲ್ಲ ಕವರ್ ಆಗುತ್ತದೆ. ಪ್ರೀಮಿಯಂ ಅನ್ನು ಮದುವೆ ಮಂಟಪದಲ್ಲೇ ಒಂದೇ ಕಂತಿನಲ್ಲಿ ವಸೂಲಿ ಮಾಡಿರುತ್ತಾರಾದ್ದರಿಂದ ರಿನ್ಯೂವಲ್ ತಲೆನೋವೂ ಇಲ್ಲ. ಕ್ಲೇಮ್ ತಿರಸ್ಕರಿಸುವ ಹಕ್ಕು ಮಾತ್ರ ಈ ಕಂಪನಿಗೆ ಇಲ್ಲ. ಮಗಳು ಅಲ್ಲಿ ಬಾಳಬೇಕಲ್ಲ. ಇನ್ಶೂರೆನ್ಸ್ ಕೊಡದ್ದನ್ನು ನನ್ನ ಭಾವನವರ ಬೀಗರು ಪಿಂಚಣಿಯ ಠೇವಣಿ ಮುರಿದು ಕೊಟ್ಟರು. ಮಾವನನ್ನು ನಿಯಂತ್ರಿಸುವ ಪ್ರಾಧಿಕಾರ ಯಾವುದೂ ಇಲ್ಲದ ಕಾರಣ ದೂರು ದಾಖಲಾಗಲಿಲ್ಲ.

ಇನ್ನು ಆಸ್ಪತ್ರೆ. ಅಲ್ಲಿ ಹೆರಿಗೆ ಪ್ಯಾಕೇಜ್ ಲೆಕ್ಕದಲ್ಲಿ ಸಿಗುತ್ತದೆ. ಪ್ಯಾಕೇಜಿನಲ್ಲಿ ಸೂತಿಕಾಗೃಹದ ಬಾಗಿಲಿನವರೆಗೆ ಎಲ್ಲ ಸೇರಿದೆ, ಮಗು ಸೇರಿಲ್ಲ. ನಮ್ಮಲ್ಲಿ ನಾಮಕರಣಕ್ಕೆ ಹನ್ನೊಂದು ದಿನ ಬೇಕು. ಆಸ್ಪತ್ರೆ ಅಷ್ಟು ಕಾಯುವುದಿಲ್ಲ. ಹೊಕ್ಕುಳ ಬಳ್ಳಿ ಕತ್ತರಿಸಿದೊಡನೆ “ಬೇಬಿ ಆಫ್” ಎಂದು ತಾಯಿಯ ಹೆಸರಿನ ಮೊದಲಿಗೆ ಸೇರಿಸಿ ಬೇರೊಂದು ರಿಜಿಸ್ಟ್ರೇಷನ್, ಬೇರೊಂದು ನಂಬರು, ಬೇರೊಂದು ಬಿಲ್ಲು. ಕೂಸು ಕಣ್ಣು ಬಿಡುವ ಮೊದಲೇ ಸಾಲಗಾರ. ಮಕ್ಕಳ ಡಾಕ್ಟರು ಬಂದು ನೋಡಿದ್ದು ಅದರ ಖಾತೆಗೆ, ಕಾಮಾಲೆಗೆ ದೀಪದಡಿ ಮಲಗಿಸಿದ್ದು ಅದರ ಖಾತೆಗೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ (2019-21) ದೇಶದ ಸರ್ಕಾರಿ ಆಸ್ಪತ್ರೆಗಳ ನೂರು ಹೆರಿಗೆಯಲ್ಲಿ ಹದಿನಾಲ್ಕು ಸಿಸೇರಿಯನ್. ಖಾಸಗಿಯಲ್ಲಿ ನಲವತ್ತೇಳು. ಖಾಸಗಿ ಆಸ್ಪತ್ರೆಯ ಗಾಜಿನ ಬಾಗಿಲು ದಾಟುತ್ತಿದ್ದಂತೆ ಹೆಣ್ಣಿನ ಸೊಂಟದ ಮೂಳೆ ಮೂರುಪಟ್ಟು ಕಿರಿದಾಗುತ್ತದೆ ಎಂಬ ವೈದ್ಯಕೀಯ ಅದ್ಭುತವನ್ನು ಯಾರಾದರೂ ಸಂಶೋಧಿಸಬೇಕು. ಆಸ್ಪತ್ರೆಯೊಂದನ್ನೇ ಬೈದರೆ ಪಾಪ ತಟ್ಟೀತು. ಮೂಲಾ ನಕ್ಷತ್ರ ತಪ್ಪಿಸಿ, ರಾಹುಕಾಲ ದಾಟಿಸಿ, ಹತ್ತೂ ಇಪ್ಪತ್ತರ ಲಗ್ನಕ್ಕೆ ಕೂಸನ್ನು ಹೊರತೆಗೆಯಿರಿ ಎಂದು ಚೀಟಿ ಹಿಡಿದು ಬರುವ ಅಜ್ಜಂದಿರು ಡಾಕ್ಟರ ಕೋಣೆಯ ಮುಂದೆ ಕೂತೇ ಇರುತ್ತಾರೆ.

ಬಿಲ್ಲು ವಿಮಾ ಕಂಪನಿಗೆ ಹೋದ ಮೇಲೆ ಶುರುವಾಗುವುದು ನಿಜವಾದ ಶಸ್ತ್ರಚಿಕಿತ್ಸೆ. ಕೊಡಬೇಕಾಗಿಲ್ಲದ ಸಾಮಾನುಗಳ ಪಟ್ಟಿಯೊಂದಿದೆ, ಅರವತ್ತೆಂಟು ಬಾಬತ್ತು. ಮೊದಲನೆಯದೇ ಮಗುವಿನ ಆಹಾರ. ಎರಡನೆಯದು ಮಗುವಿನ ಬಳಕೆಯ ಸಾಮಾನು. ಮೂರನೆಯದು ಬ್ಯೂಟಿ ಪಾರ್ಲರ್ ಸೇವೆ. (ಇಂಗ್ಲಿಷ್ ಅಕ್ಷರಮಾಲೆಯ ಕೃಪೆ ಎಂದುಕೊಂಡು ಸಮಾಧಾನಪಟ್ಟುಕೊಳ್ಳಿ.) ಮುಂದೆ ಸ್ಯಾನಿಟರಿ ಪ್ಯಾಡು, ಡಯಾಪರು. ಇವನ್ನೆಲ್ಲ ಬಿಟ್ಟು ಹೆತ್ತು ಬನ್ನಿ, ಆಮೇಲೆ ಮಾತಾಡೋಣ ಎಂಬ ಧಾಟಿ. ರೂಮಿನ ಕತೆ ಇನ್ನೂ ಸೊಗಸು. ಪಾಲಿಸಿ ದಿನಕ್ಕೆ ನಾಲ್ಕು ಸಾವಿರದ ರೂಮಿಗೆ ಒಪ್ಪಿದೆ ಎನ್ನಿ. ನೋವು ಬಂದ ರಾತ್ರಿ ಖಾಲಿ ಇರುವುದು ಎಂಟು ಸಾವಿರದ ರೂಮು. ಹೆಚ್ಚಿನ ನಾಲ್ಕು ಸಾವಿರ ತಾನೇ, ಕೈಯಿಂದ ಕೊಟ್ಟರಾಯಿತು ಎಂದುಕೊಂಡಿರೋ, ಕೆಟ್ಟಿರಿ. ರೂಮು ಇಮ್ಮಡಿಯಾದ್ದರಿಂದ ಡಾಕ್ಟರ ಫೀಸು, ಥಿಯೇಟರಿನ ಚಾರ್ಜು ಎಲ್ಲದರಲ್ಲೂ ಅರ್ಧಕ್ಕೆ ಕತ್ತರಿ. ಐದು ಸಾವಿರ ದಾಟಿದ ರೂಮಿಗೆ 2022ರ ಜುಲೈ 18ರಂದು ಬಂದ ಶೇ 5 ಜಿಎಸ್‌ಟಿ ಬೇರೆ.

ಡಿಸ್ಚಾರ್ಜ್ ಮಾಡುವಾಗ ಮೂರು ತಾಸಿನೊಳಗೆ ಕಂಪನಿ ಒಪ್ಪಿಗೆ ಕೊಡಬೇಕೆಂದು 2024ರ ಮೇ ತಿಂಗಳಲ್ಲಿ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. ಒಳ್ಳೆಯ ಸುತ್ತೋಲೆ. ಆದರೆ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆ ಕಾಗದ ಕಳಿಸಿದ ಮೇಲೆ. ಬೆಳಿಗ್ಗೆ ಒಂಬತ್ತಕ್ಕೆ ರೌಂಡ್ಸಿಗೆ ಬಂದ ಡಾಕ್ಟರು ಮನೆಗೆ ಹೊರಡಿ ಅಂದರು. ಕಾಗದ ಮೂರನೇ ಮಹಡಿಯಿಂದ ಕೆಳಗೆ ವಿಮೆ ನೋಡಿಕೊಳ್ಳುವ ಟಿಪಿಎ ಕೌಂಟರಿಗೆ ಇಳಿಯುವಷ್ಟರಲ್ಲಿ ಸಂಜೆ ನಾಲ್ಕು. ನಿಯಮ ಎಲ್ಲೂ ಮುರಿಯಲಿಲ್ಲ.

ಸರ್ಕಾರಿ ಆಸ್ಪತ್ರೆಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಖಂಡಿತ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧ, ಊಟ, ಬಂದುಹೋಗುವ ಗಾಡಿ ಎಲ್ಲ ಪುಕ್ಕಟೆ. ಕಾಗದದಲ್ಲಿ ಇದರಷ್ಟು ಉದಾರವಾದ ಪಾಲಿಸಿ ಇನ್ನೊಂದಿಲ್ಲ. ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಅಷ್ಟು ಎಂದು ವಾರ್ಡಿನಲ್ಲಿ ಕೈಯೊಡ್ಡುವ ಪದ್ಧತಿ ಅದರ ಕೋ-ಪೇ. ಆದರೆ 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅನುಮಾನ ಡ್ರಿಪ್ಪಿನ ಬಾಟಲಿಯ ಮೇಲೆ ಬಂದಾಗಿನಿಂದ ಈ ವಿಷಯದಲ್ಲಿ ನನಗೆ ನಗೆ ಬರುವುದಿಲ್ಲ. ಹೆದರಿದ ಮಧ್ಯಮ ವರ್ಗ ಸಾಲ ಮಾಡಿ ಗಾಜಿನ ಬಾಗಿಲಿಗೇ ಓಡುತ್ತದೆ. ಓಡಲು ಆಗದವರು ಅಲ್ಲೇ ಮಲಗುತ್ತಾರೆ.

ಹಳೆಯ ಕಾಲವೇ ಚೆನ್ನಾಗಿತ್ತು ಎಂದು ರಾಗ ಎಳೆಯುವವರಿಗೂ ಒಂದು ಮಾತು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ ಒಂದು ಕಾಸೂ ಕೇಳಲಿಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಾಗೆಂದು ಎಲ್ಲ ಊರಿಗೂ ನರಸಮ್ಮ ಇರಲಿಲ್ಲ. ಇಲ್ಲದ ಊರುಗಳಲ್ಲಿ ಸತ್ತ ತಾಯಂದಿರ ಲೆಕ್ಕ ಇಟ್ಟವರೂ ಇಲ್ಲ.

2025ರ ಸೆಪ್ಟೆಂಬರ್ 22ರಿಂದ ಸ್ವಂತಕ್ಕೆ ಕೊಳ್ಳುವ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿ ಸೊನ್ನೆಯಾಗಿದೆ. ಹೆರಿಗೆ ಹೊರಗಿಟ್ಟ ಪಾಲಿಸಿಯನ್ನು ಈಗ ತೆರಿಗೆಯಿಲ್ಲದೆ ಕೊಳ್ಳಬಹುದು. ಹೆರಿಗೆ ಒಳಗಿರುವ ಕಂಪನಿಗಳ ಗುಂಪು ಪಾಲಿಸಿಗೆ ಆ ವಿನಾಯಿತಿ ಇಲ್ಲ.

ಈ ಮಧ್ಯೆ ನಾಯಕರಿಗೆ ಮಕ್ಕಳು ಸಾಲದಾಗಿವೆ. 2024ರ ಅಕ್ಟೋಬರಿನಲ್ಲಿ ಆಂಧ್ರದ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಅಂದರು. ಬೆನ್ನಿಗೇ ತಮಿಳುನಾಡಿನ ಸ್ಟಾಲಿನ್ ಮದುವೆ ಸಮಾರಂಭವೊಂದರಲ್ಲಿ ಹದಿನಾರು ಮಕ್ಕಳ ಮಾತೆತ್ತಿದರು. ಡಿಸೆಂಬರಿನಲ್ಲಿ ಆರ್‌ಎಸ್‌ಎಸ್‌ನ ಮೋಹನ್ ಭಾಗವತರು ಮೂರಾದರೂ ಇರಲಿ ಅಂದರು. ಅಕ್ಕನ ಮಗನ ಪಾಲಿಸಿ ಎರಡು ಹೆರಿಗೆಗೆ ಮುಗಿಯುತ್ತದೆ. ಮೂರನೆಯದರ ಬಿಲ್ಲನ್ನು ನಾಗಪುರಕ್ಕೆ ಕಳಿಸಬೇಕೋ, ಉಳಿದ ಹದಿಮೂರನ್ನು ಚೆನ್ನೈಗೆ ಕಳಿಸಬೇಕೋ ಎಂದು ಅವನ ಕೈಯಲ್ಲಿ ಎಚ್‌ಆರ್‌ಗೆ ಒಂದು ಮೇಲ್ ಹಾಕಿಸಿದೆ. ಐದೇ ನಿಮಿಷಕ್ಕೆ ಉತ್ತರ ಬಂತು: ನಿಮ್ಮ ದೂರು ದಾಖಲಾಗಿದೆ, ಟಿಕೆಟ್ ನಂಬರು ಜೋಪಾನವಾಗಿ ಇಟ್ಟುಕೊಳ್ಳಿ, ಹಲ್ಲಿನ ಉಚಿತ ತಪಾಸಣೆ ಈ ಶನಿವಾರವೇ ಕೊನೆ.