ಸಪ್ರಿವಾರ ಬ್ರಬೇಕು

ಹತ್ತು ರೂಪಾಯಿಯ ಒಂದು ನಾಣ್ಯದ ತೂಕ 7.71 ಗ್ರಾಂ. ಕೊಟ್ಟಲ್ಲೆಲ್ಲ "ಬ್ಯಾರೆ ಕೊಡ್ರಿ" ಅನ್ನಿಸಿಕೊಂಡು ವಾಪಸ್ ಬಂದ ಇಂಥ ನಾಣ್ಯಗಳು ಸೋಲಾಪುರದ ನಮ್ಮ ಮನೆಯಲ್ಲಿ ಒಂದು ಡಬ್ಬಿ ತುಂಬ ಇದ್ದವು. ಕಳೆದ ಚಳಿಗಾಲದಲ್ಲಿ ಅವಕ್ಕೊಂದು ಕೆಲಸ ಸಿಕ್ಕಿತು. ಕೀಬೋರ್ಡಿನ ಕೀ ಮೇಲೆ ಒಂದರ ಮೇಲೊಂದು ಪೇರಿಸುವುದು, ಎಷ್ಟನೆಯದಕ್ಕೆ ಕೀ ಕುಸಿಯುತ್ತದೆ ಎಂದು ನೋಡುವುದು. ಆರಕ್ಕೆ ಕುಸಿದರೆ 45 ಗ್ರಾಮಿನ ಸ್ವಿಚ್ಚು, ಎಂಟಕ್ಕೆ ಕುಸಿದರೆ 60. "ರೊಕ್ಕಾ ಎಣಸೋದು ಬಿಟ್ಟು ತೂಗಾಕ ಹತ್ಯಾರ" ಎಂದು ನನ್ನ ಹೆಂಡತಿ ಫೋನಿನಲ್ಲಿ ತವರಿಗೆ ವರದಿ ಒಪ್ಪಿಸಿದಳು.

ನನ್ನದು ಲಗ್ನಪತ್ರಿಕೆ, ಅರ್ಜಿ, ಶ್ರದ್ಧಾಂಜಲಿ ಟೈಪು ಮಾಡುವ ಕಸುಬು. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ. ಹಳೆಯ ಕೀಬೋರ್ಡಿನ ಅಕ್ಷರಗಳು ಅಳಿಸಿಹೋಗಿವೆ ಎಂದು ಪುಣೆಯ ಸೋದರಳಿಯ ಮೆಕ್ಯಾನಿಕಲ್ ಕೀಬೋರ್ಡ್ ತಂದುಕೊಟ್ಟ. ಅದರಲ್ಲಿದ್ದದ್ದು ನೀಲಿ ಸ್ವಿಚ್ಚು. ಒತ್ತಿದಷ್ಟು ಸಲ ಟಕ್ ಅನ್ನುವ ಜಾತಿ. ನಮ್ಮ ಅವ್ವ ಜೀವಮಾನವೆಲ್ಲ ಪವರ್‌ಲೂಮಿನ ಪಕ್ಕದ ಗೋಡೆಗೆ ತಲೆ ಕೊಟ್ಟು ಮಲಗಿದವಳು. ಅವಳಿಗೂ ನಿದ್ದೆ ಹತ್ತಲಿಲ್ಲ.

"ಮಗ್ಗ ಒಂದ ತಾಳಕ್ಕ ಬಡೀತಿತ್ತಪ್ಪಾ. ನಿಂದು ನಿಂತು ನಿಂತು ಬಡೀತದ. ಮುಂದಿಂದು ಯಾವಾಗ ಬೀಳ್ತದ ಅಂತ ಕಾಯ್ಕೋತ ಮಲಗಬೇಕು."

ಮೂವತ್ತು ವರ್ಷದ ನನ್ನ ಟೈಪಿಂಗ್ ವೇಗದ ಬಗ್ಗೆ ಇಷ್ಟು ನಿಖರವಾದ ವಿಮರ್ಶೆ ಮತ್ತೆ ಬಂದಿಲ್ಲ.

ಹಾಗಾಗಿ ಲೀನಿಯರ್ ಸ್ವಿಚ್ಚಿನ ಹುಡುಕಾಟ ಶುರುವಾಯಿತು. ಅದರೊಳಗೆ ಟಕ್ ಅನ್ನುವ ಕಡ್ಡಿಯಿಲ್ಲ, ನಡುವೆ ತಡೆಯುವ ಉಬ್ಬಿಲ್ಲ. ಒಂದು ಸ್ಪ್ರಿಂಗು, ಒಂದು ದಿಂಡು, ಒತ್ತಿದರೆ ನೆಟ್ಟಗೆ ಇಳಿಯುತ್ತದೆ. 1980ರ ದಶಕದಲ್ಲಿ ಚೆರಿ ಕಂಪನಿ ಎಮ್‌ಎಕ್ಸ್ ಸ್ವಿಚ್ಚು ತಂದಾಗಿನಿಂದ ಬಣ್ಣದ ಮೇಲೆ ಜಾತಿ ಹೇಳುವ ರೂಢಿ: ಕೆಂಪು 45 ಗ್ರಾಂ, ಕಪ್ಪು 60 ಗ್ರಾಂ. ಅಳಿಯ ಮಾದರಿಗೆಂದು ಎರಡನ್ನೂ ಕಳಿಸಿದ, ಜೊತೆಗೊಂದು ಬೆಳ್ಳಿ ಬಣ್ಣದ್ದು. ಅದು ಗೇಮ್ ಆಡುವ ಹುಡುಗರ ಸಲುವಾಗಿ ಮಾಡಿದ್ದಂತೆ. ನನ್ನ ಗೇಮ್ ಅಂದರೆ ಶ್ರಾವಣದ ಇಸ್ಪೀಟು. ಆದರೂ ಬೆಳ್ಳಿ ಬೆಳ್ಳಿಯೇ. ಆರು ನಾಣ್ಯಕ್ಕೆ ಕೆಂಪೂ ಕುಸಿಯಿತು, ಬೆಳ್ಳಿಯೂ ಕುಸಿಯಿತು. ತೂಕ ಒಂದೇ ಅಂದ ಮೇಲೆ ಚಂದದ್ದೇ ಇರಲಿ ಎಂದು 87 ಕೀಗೂ ಬೆಳ್ಳಿ ತರಿಸಿದೆ. ಕೆಂಪು ಎರಡು ಮಿಲಿಮೀಟರ್ ಇಳಿದ ಮೇಲೆ ಅಕ್ಷರ ಕೊಟ್ಟರೆ ಬೆಳ್ಳಿ 1.2ಕ್ಕೇ ಕೊಟ್ಟುಬಿಡುತ್ತದೆ. ಇದನ್ನು ನಾಣ್ಯ ಹೇಳಲಿಲ್ಲ. ನಾಣ್ಯಕ್ಕೆ ತೂಕ ಗೊತ್ತು, ಆಳ ಗೊತ್ತಿಲ್ಲ.

ಇಲ್ಲಿ ಇನ್‌ಸ್ಕ್ರಿಪ್ಟಿನ ಬಗ್ಗೆ, ಅಂದರೆ ನಾನು ಬಳಸುವ ಭಾರತೀಯ ಭಾಷೆಗಳ ಕೀ ಜೋಡಣೆಯ ಬಗ್ಗೆ, ಒಂದು ಮಾತು. ಮಹಾರಾಷ್ಟ್ರದ ಅಕ್ಕಲಕೋಟ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ಜಗಳದ ಮಹಾಜನ ಆಯೋಗ 1967ರಲ್ಲಿ ಬರೆದದ್ದು ಇವತ್ತಿಗೂ ಕಾಗದದ ಮೇಲೇ ಇದೆ. ಕೀಬೋರ್ಡಿನ ಮೇಲೆ ಮಾತ್ರ ಆ ಜಗಳವಿಲ್ಲ. ಕನ್ನಡದ 'ಕ'ಗೂ ಮರಾಠಿಯ 'ಕ'ಗೂ ಇಂಗ್ಲಿಷಿನ ಕೆ ಕೀ ಒಂದೇ. ಒತ್ತಕ್ಷರ ಮಾಡುವ ಅರ್ಧಚಿಹ್ನೆ ಎರಡಕ್ಕೂ ಡಿ ಕೀಯಲ್ಲಿ. ಮರಾಠಿಯವರು ಅರ್ಧಾಕ್ಷರಕ್ಕೆ ಪಾಯಮೋಡಕೇ ಅಕ್ಷರ ಅನ್ನುತ್ತಾರೆ, ಕಾಲು ಮುರಿದದ್ದು ಅಂತ. ಟೈಪು ಮಾಡುವವನ ಎಡಗೈ ನಡುಬೆರಳು ವಿಶ್ರಾಂತಿಗೆ ಕೂಡುವುದು ಈ ಡಿ ಮೇಲೆಯೇ. ನನ್ನ ನಡುಬೆರಳು ಕೂಡುವುದಿಲ್ಲ, ಮಲಗುತ್ತದೆ.

ಸಿದ್ಧೇಶ್ವರನ ಗಡ್ಡಾ ಜಾತ್ರೆ ಮುಗಿದ ಮೇಲೆ ಅಕ್ಕಲಕೋಟದ ಕಾಕಾನ ಮೊಮ್ಮಗಳ ಲಗ್ನ. ಪತ್ರಿಕೆ ನಾನೇ ಟೈಪು ಮಾಡಿ, ಹೊಸ ಸ್ವಿಚ್ಚಿನ ನಿಶ್ಶಬ್ದಕ್ಕೆ ಮರುಳಾಗಿ, ತಿರುಗಿ ಓದದೆ ಮಧ್ಯರಾತ್ರಿ ಪ್ರೆಸ್ಸಿಗೆ ಕಳಿಸಿದೆ. ಮುನ್ನೂರು ಪ್ರತಿ. ನಾಲ್ಕನೆಯ ದಿನ ಕಾಕಾನ ಫೋನು.

"ತಮ್ಮಾ, 'ಸಪ್ರಿವಾರ ಬ್ರಬೇಕು' ಅಂತ ಹಾಕೀಯಲ್ಲ, ಥಂಡಿ ಅದ ಅಂತ ಎಲ್ಲಾರೂ ನಡಗಕೋತ ಬರಬೇಕೇನು?"

ಪತ್ರಿಕೆ ತೆಗೆದು ನೋಡಿದೆ. 'ಪ'ಗೂ 'ರಿ'ಗೂ ನಡುವೆ, 'ಬ'ಗೂ 'ರ'ಗೂ ನಡುವೆ ನನ್ನ ಬೆರಳು ಮಗ್ಗುಲಾಗಿತ್ತು. ಆದರೂ ಸೋಲು ಒಪ್ಪುವ ವಯಸ್ಸಲ್ಲ.

"ಕಾಕಾ, ನಮ್ಮ ಕಡೆ ಮಾತೂ ಹಂಗ ಅಲ್ಲೇನ್ರಿ? ಬರ್ರಿ ಅಂತೀವಿ, ಕುಂಡ್ರಿ ಅಂತೀವಿ, ಎಲ್ಲಾ ನುಂಗೇ ಮಾತಾಡ್ತೀವಿ."

"ಮರಾಠಿ ಬದಿಗೂ ಸಪ್ರಿವಾರ ಅಂತನ ಅದ. ಅದ್ಯಾವ ಊರಿನ ಮರಾಠಿ?"

ಅಳಿಯನಿಗೆ ಫೋನು ಮಾಡಿದೆ. ಅಲ್ಲಿಂದಲೇ ರೋಗ ಪತ್ತೆಹಚ್ಚಿ ಮದ್ದೂ ಹೇಳಿದ: ಡಿ ಒಂದಕ್ಕೆ ಕಪ್ಪು ಹಾಕ್ರಿ ಮಾಮಾ, ಬೆರಳು ಮಲಗಿದರೂ ಇಳಿಯೋದಿಲ್ಲ. ಬೆಸುಗೆಯಿಲ್ಲದೆ ಕಿತ್ತು ಕೂಡಿಸುವ ಬೋರ್ಡು, ಮಕ್ಕಳಾಟ. ಸ್ವಿಚ್ಚಿನ ತಳದಲ್ಲಿ ತೆಳ್ಳನೆಯ ಎರಡು ಲೋಹದ ಕಾಲು ಇರುತ್ತವೆ, ನೆಟ್ಟಗೆ ತೂತಿಗೆ ಇಳಿಯಬೇಕು. ನಾನು ಬಾಗಿಲಿನ ಅಗಳಿ ಹಾಕುವ ಹಾಗೆ ಹೆಬ್ಬೆರಳಿನಿಂದ ಒತ್ತಿದೆ. ಒಂದು ಕಾಲು ಮಡಚಿತು. ಮುಳ್ಳು ತೆಗೆಯುವ ಚಿಮಟಾದಿಂದ ನೆಟ್ಟಗೆ ಮಾಡಹೋದರೆ ಮುರಿದೇ ಹೋಯಿತು. ಪಾಯಮೋಡಕ ಅಂದರೆ ಅಕ್ಷರಶಃ ಪಾಯಮೋಡಕ.

ಡಿ ಸತ್ತರೆ ಒತ್ತಕ್ಷರವಿಲ್ಲ. ಶಿಫ್ಟ್ ಜೊತೆ ಬರುವ 'ಅ' ಕೂಡ ಇಲ್ಲ. ಲಗ್ನ ಲಗನವಾಯಿತು, ಅಕ್ಕಲಕೋಟ ಕಕಲಕೋಟವಾಯಿತು. ಹಳೆಯ ಕೀಬೋರ್ಡನ್ನು ಹೆಂಡತಿ ಆಗಲೇ ಗುಜರಿಯವನಿಗೆ ಕೊಟ್ಟಿದ್ದಳು. ಅಂಥ ಹೊತ್ತಿನಲ್ಲಿ ತಿದ್ದುಪಡಿ ಚೀಟಿ ಟೈಪು ಮಾಡಲು ಕೂತೆ. ಸಪರಿವಾರ ಬರಬೇಕು. ನೋಡಿದರೆ ಅದರಲ್ಲಿ ಒಂದೂ ಒತ್ತಿಲ್ಲ, ಒಂದೂ 'ಅ' ಇಲ್ಲ! ಇಷ್ಟು ಸಾವಿರ ಖರ್ಚಿನ ಮೇಲೆ, ಡಿ ಕೀ ಸತ್ತ ಮೇಲೆ, ಆ ಎರಡು ಶಬ್ದ ಮೊದಲ ಸಲ ಸರಿಯಾಗಿ ಬಂದವು. ಎರಡು ಭಾಷೆಗೆ ಆರುನೂರು ಚೀಟಿ. ಮನೆಮಂದಿಯೆಲ್ಲ, ಅಂದರೆ ಸಪರಿವಾರ, ಕೂತು ಗೋಂದು ಹಚ್ಚಿದೆವು.

ಡಿ ಜಾಗಕ್ಕೆ ಮತ್ತೆ ಬೆಳ್ಳಿ ಹಾಕುವ ಧೈರ್ಯವಿರಲಿಲ್ಲ. ಮನೆಯಲ್ಲಿ ಉಳಿದ ಭಾರದ ಸ್ವಿಚ್ಚೆಂದರೆ ಹಳೆಯ ನೀಲಿಯದು. ಅದನ್ನೇ ಕೂಡಿಸಿದ್ದೇನೆ. ಈಗ 86 ಕೀ ತೆಪ್ಪಗಿರುತ್ತವೆ, ಒತ್ತಕ್ಷರವೋ 'ಅ'ವೋ ಬಂದಾಗಷ್ಟೇ ಟಕ್ ಅನ್ನುತ್ತದೆ. ಮೊನ್ನೆ ರಾತ್ರಿ ಒಂದು ಅರ್ಜಿ ಬರೆಯುತ್ತಿದ್ದೆ. ಒಳಗಿನ ಕೋಣೆಯಿಂದ ಅವ್ವ ಕೂಗಿದಳು:

"ಇವತ್ತ ಮರಾಠಿ ಏನೋ? ಸದ್ದ ಕಮ್ಮಿ ಅದ."