ಕೂಸು, ಕುಕ್ಕರ್ ಮತ್ತು ಗುಮ್ಮ: ಅಂಜಿಕೆ ಬಿಡಿಸುವ ಶಾಸ್ತ್ರ

ಒಂಬತ್ತು ತಿಂಗಳ ಒಂದು ಜೀವ ಅಡುಗೆಮನೆಯ ಒಂದು ನಿರ್ಜೀವ ವಸ್ತುವನ್ನು ಕಂಡು ಕಿರುಚಿ, ಪಡಸಾಲೆಯಲ್ಲಿದ್ದ ದೊಡ್ಡವರೆಲ್ಲ ಎದ್ದು ಓಡಿಬರುವಂತೆ ಮಾಡುವುದಕ್ಕೆ ಕೂಸಿನ ಅಂಜಿಕೆ ಎಂದು ಹೆಸರು. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಈ ಅಂಜಿಕೆಗೆ ಛತ್ರಿ, ಮಿಕ್ಸರ್, ಟ್ರ್ಯಾಕ್ಟರಿನ ಹಾರ್ನು, ಅಪರೂಪಕ್ಕೆ ಬರುವ ಸೋದರಮಾವನ ಮೀಸೆ ಹೀಗೆ ಕಾರಣಗಳು ಹಲವು. ಮೀಸೆ ಬೋಳಿಸಿದರೆ ಹೋಗುತ್ತದೆ. ಕುಕ್ಕರ್ ಹಾಗಲ್ಲ, ದಿನಕ್ಕೆರಡು ಸಲ ಒಲೆ ಏರುತ್ತದೆ. ಆದ್ದರಿಂದ ಪ್ರಸ್ತುತ ಶಾಸ್ತ್ರ ಕುಕ್ಕರಿಗೆ ಸೀಮಿತ.

ಮೊದಲ ಕೆಲ ತಿಂಗಳು ಕೂಸಿಗೆ ಹೊಸ ವಸ್ತುವಿನ ಅಂಜಿಕೆ ಇರುವುದಿಲ್ಲ. ಎಲ್ಲವೂ ಹೊಸದಾಗಿರುವಾಗ ಯಾವುದಕ್ಕೆಂದು ಅಂಜಬೇಕು? ಇದಕ್ಕೆ ಕಲಘಟಗಿಯ ಬಣ್ಣದ ತೊಟ್ಟಿಲೇ ಸಾಕ್ಷಿ. ಮೈತುಂಬ ರಾಮಾಯಣ, ಮಹಾಭಾರತದ ಚಿತ್ರ ಹೊತ್ತ ಅದರಲ್ಲಿ ಎಳೆಗೂಸನ್ನು ಮಲಗಿಸಿದರೂ ಕೂಸು ನಿಶ್ಚಿಂತೆಯಿಂದ ನಿದ್ದೆ ಹೋಗುತ್ತದೆ. ಹುಟ್ಟಿದ ಕೂಸಿಗೆ ಸ್ಪಷ್ಟವಾಗಿ ಕಾಣುವುದು ಒಂದು ಗೇಣಿನಷ್ಟು ದೂರ, ಅಂದರೆ ಎತ್ತಿಕೊಂಡವಳ ಮುಖದವರೆಗೆ ಮಾತ್ರ. ಚಿತ್ರಗಳು ಬೀಗರಿಗೆ. ಆರು ತಿಂಗಳು ದಾಟಿದ ಮೇಲೆ ನೆನಪು ಗಟ್ಟಿಯಾಗಿ, ಕಂಡದ್ದು ಯಾವುದು, ಕಾಣದ್ದು ಯಾವುದು ಎಂಬ ಲೆಕ್ಕ ಶುರುವಾಗುತ್ತದೆ. ಕೂಸಿಗೆ ಬುದ್ಧಿ ಬಂತೆಂಬುದರ ಮೊದಲ ಕುರುಹು, ಅದು ನೆರೆಮನೆಯವರನ್ನು ಕಂಡು ಅಳುವುದು.

ಇನ್ನು ವಸ್ತುವಿನ ಲಕ್ಷಣ. ಭಾರತದಲ್ಲಿ ಪ್ರೆಸ್ಟೀಜ್, ಹಾಕಿನ್ಸ್ ಎರಡೂ ಹೆಸರುಗಳ ಕುಕ್ಕರ್ ಚರಿತ್ರೆ 1959ರಿಂದ ಆರಂಭವಾಗುತ್ತದೆ. ಒಳಗಿನ ಒತ್ತಡ ಹೊರಗಿನದರ ಸುಮಾರು ಇಮ್ಮಡಿಯಾಗಿ ನೀರು 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಕುದಿಯುತ್ತದೆ, ಬ್ಯಾಳಿ ಬೇಗ ಬೇಯುತ್ತದೆ. ಮಿಕ್ಕ ಉಗಿ ಸೀಟಿಯನ್ನು ಎತ್ತಿ ಹೊರಬೀಳುತ್ತದೆ. ಕೂಸಿನ ಕಡೆಯಿಂದ ನೋಡಿದರೆ ಇದೇ ಸಂಗತಿ ಬೇರೆ. ಗುಂಡು ಹೊಟ್ಟೆಯ, ಮುಖವಿಲ್ಲದ ಒಂದು ಪ್ರಾಣಿ ಬಹಳ ಹೊತ್ತು ಸುಮ್ಮನೆ ಕೂತಿದ್ದು, ಯಾರೂ ಹೊಡೆಯದೆ, ಯಾರೂ ಬೈಯದೆ, ಒಮ್ಮೆಲೆ ಚೀರುತ್ತದೆ; ಚೀರಿದ ಮೇಲೆ ಅದನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಗಾಯಕ ಸವಾಯಿ ಗಂಧರ್ವರ ಊರಾದ ಕುಂದಗೋಳದಲ್ಲಿ ಒಂದೇ ಸ್ವರವನ್ನು ದೀರ್ಘವಾಗಿ ಹಿಡಿಯುವುದು ಗುಣವೆನಿಸಿದರೂ, ಆಲಾಪವಿಲ್ಲದೆ ನೇರ ತಾರಸ್ಥಾಯಿಗೆ ಏರುವ ಕುಕ್ಕರಿನ ಪದ್ಧತಿಯನ್ನು ಕೂಸು ಒಪ್ಪದಿರುವುದು ಸಂಗೀತದ ದೃಷ್ಟಿಯಿಂದಲೂ ಸರಿಯೇ.

ಅಂಜಿಕೆಯನ್ನು ಹಚ್ಚುವ ಕೆಲಸದಲ್ಲಿ ವಿಜ್ಞಾನ ಮೊದಲು ಪಳಗಿತು, ಬಿಡಿಸುವುದನ್ನು ಆಮೇಲೆ ಕಲಿತಿತು. 1920ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಪ್ರಕಟಿಸಿದ ಪ್ರಯೋಗದಲ್ಲಿ, ಆಲ್ಬರ್ಟ್ ಎಂದು ಕರೆಯಲಾದ ಹನ್ನೊಂದು ತಿಂಗಳ ಕೂಸು ಬಿಳಿ ಇಲಿಗೆ ಅಂಜದೆ ಕೈಚಾಚಿತ್ತು. ಅದು ಇಲಿಯನ್ನು ಮುಟ್ಟಿದಾಗಲೆಲ್ಲ ಹಿಂದಿನಿಂದ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಡಿದರು. ಕೂಸು ಇಲಿಗೆ ಅಂಜಿತು, ಮೊಲಕ್ಕೆ ಅಂಜಿತು, ತುಪ್ಪಳದ ಕೋಟಿಗೂ ಅಂಜಿತು. ಅಂಜಿಕೆ ಬಿಡಿಸುವ ಮುನ್ನವೇ ಕೂಸನ್ನು ಅಲ್ಲಿಂದ ಕರೆದೊಯ್ದರು, ಪ್ರಬಂಧ ಮಾತ್ರ ಉಳಿಯಿತು. ಇಲಿ ಹಿಡಿದ ಕೂಸಿನ ಹಿಂದೆ ಸಲಾಕೆ ಬಡಿಯುವವನು ನವಲಗುಂದದ ಯಾವ ಮನೆಯಲ್ಲಿ ಕಂಡಿದ್ದರೂ, ಮುಂದಿನ ಪ್ರಯೋಗ ಆ ಮನೆಯ ಆಯಿ ಅವನ ಮೇಲೇ ನಡೆಸುತ್ತಿದ್ದಳು.

ಅಂಜಿಕೆ ಬಿಡಿಸುವಲ್ಲಿ ದೇಶೀಯ ಪಂಥಗಳು ಎರಡು. ಮೊದಲನೆಯದು ದಂಡನಾ ಪಂಥ. ಇದರಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು, ಅಂಜಿಸಿದ ವಸ್ತುವಿಗೆ ಅಂಗೈಯಿಂದ ಎರಡೇಟು ಹಾಕಿ, "ಯಾರ ಅಂಜಿಸಿದ್ರು ನನ್ನ ಬಂಗಾರಕ್ಕ? ಹತ್ತ್! ಹೊಡದ್ನಿ ನೋಡದಕ್ಕ" ಎನ್ನಬೇಕು. ಹೊಸ್ತಿಲು, ಕಟ್ಟೆ, ಕಂಬಗಳ ಮೇಲೆ ಈ ವಿಧಾನ ನಡೆಯುತ್ತದೆ. ಬಿಸಿ ಕುಕ್ಕರಿನ ಮೇಲೆ ನಡೆಸಿದಾಗ ಅಳುವವರು ಇಬ್ಬರಾಗುತ್ತಾರೆ.

ಎರಡನೆಯದು ದೃಷ್ಟಿ ಪಂಥ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿ, ಘಾಟು ಬಾರದಿದ್ದರೆ ದೃಷ್ಟಿ ತಾಗಿತ್ತೆಂದು ತೀರ್ಮಾನಿಸುತ್ತಾರೆ. ಇಲ್ಲಿ ವಿಧಾನದ ದೋಷವೊಂದಿದೆ. ಕುಂದಗೋಳದ ಎರೆಹೊಲಗಳಲ್ಲಿ ಬೆಳೆಯುವುದು ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ತಳಿಯ ಕೀರ್ತಿ ಬಣ್ಣಕ್ಕೆ, ಖಾರ ಕಡಿಮೆ. ಹೀಗಾಗಿ ಬ್ಯಾಡಗಿ ಕಾಯಿ ಬಳಸುವ ಮನೆಗಳಲ್ಲಿ ದೃಷ್ಟಿ ತಾಗುವ ಪ್ರಮಾಣ ಹೆಚ್ಚಾಗಿ ಕಾಣುವ ಸಂಭವವಿದೆ. ಗುಂಟೂರು ಕಾಯಿ ಬಳಸುವವರ ಕೂಸುಗಳೊಡನೆ ಹೋಲಿಸದೆ ಏನನ್ನೂ ಹೇಳುವಂತಿಲ್ಲ.

ಫಲ ಕೊಡುವ ವಿಧಾನವನ್ನು 1924ರಲ್ಲಿ ಮೇರಿ ಕವರ್ ಜೋನ್ಸ್ ದಾಖಲಿಸಿದರು. ಮೊಲಕ್ಕೆ ಅಂಜುತ್ತಿದ್ದ ಪೀಟರ್ ಎಂಬ ಎರಡು ವರ್ಷ ಹತ್ತು ತಿಂಗಳ ಹುಡುಗನಿಗೆ ಇಷ್ಟದ ತಿನಿಸು ಕೊಡುತ್ತ, ಪಂಜರದ ಮೊಲವನ್ನು ದಿನದಿನಕ್ಕೆ ಹತ್ತಿರ ತಂದರು. ಮೊಲಕ್ಕೆ ಅಂಜದ ಮಕ್ಕಳನ್ನೂ ಜೊತೆಗೆ ಆಡಲು ಬಿಟ್ಟರು. ಕೊನೆಗೆ ಅವನು ಮೊಲದ ಬಾಯಿಗೆ ಬೆರಳು ಕೊಟ್ಟ. ಅಡುಗೆಮನೆಗೆ ಇಳಿಸಿದರೆ ಕ್ರಮ ಹೀಗಾಗುತ್ತದೆ. ತಣ್ಣಗಿನ ಖಾಲಿ ಕುಕ್ಕರನ್ನು, ಸೀಟಿ ತೆಗೆದು, ಪಡಸಾಲೆಯ ಮೂಲೆಯಲ್ಲಿ ಇಡಬೇಕು. ಕೂಸನ್ನು ಅದರ ಬಳಿ ಒಯ್ಯಬಾರದು. ತೊಡೆಯ ಮೇಲೆ ಕೂರಿಸಿಕೊಂಡು ಹಾಲನ್ನ ತಿನ್ನಿಸಬೇಕು. ಮಾರನೆಯ ದಿನ ಕುಕ್ಕರ್ ಒಂದು ಮೊಳ ಈಚೆ ಬರುತ್ತದೆ. ಮೂರನೆಯ ದಿನ ಹೊಟ್ಟೆಯಲ್ಲಿ ಎರಡು ಉಳ್ಳಾಗಡ್ಡಿ ಹೊತ್ತು ಮುಚ್ಚಳವಿಲ್ಲದೆ ಬರುತ್ತದೆ. ಕೂಸು ತೆವಳಿ ಹೋಗಿ ಅಂಚು ಹಿಡಿದು ಇಣುಕುತ್ತದೆ, ಒಂದು ಉಳ್ಳಾಗಡ್ಡಿ ತೆಗೆಯುತ್ತದೆ, ಹಾಕುತ್ತದೆ, ಟಣ್ ಎಂದದ್ದಕ್ಕೆ ಬೆಚ್ಚಿ ತಾಯಿಯ ಮುಖ ನೋಡುತ್ತದೆ.

ಇಡೀ ಶಾಸ್ತ್ರ ಈ ನೋಟದ ಮೇಲೆ ನಿಂತಿದೆ. ಚೌಕುಳಿ ಬಟ್ಟೆಯ ಮೇಲೆ ಗಾಜು ಹಾಸಿ, ಮುಂದೆ ಸುಮಾರು 30 ಸೆಂಟಿಮೀಟರ್ ತಗ್ಗಿದ್ದಂತೆ ಕಾಣುವ ಮೇಜಿನ ಮೇಲೆ ವರ್ಷದ ಕೂಸುಗಳನ್ನು ಬಿಟ್ಟು ಜೇಮ್ಸ್ ಸಾರ್ಸ್ ಮತ್ತು ಸಂಗಡಿಗರು 1985ರಲ್ಲಿ ಇದನ್ನು ತೋರಿಸಿದರು. ಆಚೆ ನಿಂತ ತಾಯಿ ನಕ್ಕಾಗ 19ರಲ್ಲಿ 14 ಕೂಸುಗಳು ದಾಟಿದವು. ಅಂಜಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಇದೇ ಪಾಠ ಪಗಡೆ ಹಾಸಿನ ಚೌಕಗಳಿರುವ ನವಲಗುಂದದ ಜಮಖಾನದ ಮೇಲೂ ದಿನಾ ನಡೆಯುತ್ತದೆ. ಉಳ್ಳಾಗಡ್ಡಿ ಟಣ್ ಎಂದಾಗ ತಾಯಿ ನಕ್ಕರೆ ಕೂಸು ಮತ್ತೆ ಹಾಕುತ್ತದೆ. "ಅಂಜಬ್ಯಾಡಪಾ, ಏನೂ ಆಗೂದಿಲ್ಲಾ!" ಎಂದು ಇಬ್ಬರು ಕಾಕಂದಿರು ಗಾಬರಿಯಿಂದ ಕೂಗುತ್ತ ಓಡಿಬಂದರೆ, ಏನೋ ಆಗಿದೆಯೆಂದು ಅದಕ್ಕೆ ಖಾತ್ರಿಯಾಗುತ್ತದೆ.

ಇಷ್ಟಾಗಿಯೂ ಚಿಕಿತ್ಸೆ ಬಹುತೇಕ ಮನೆಗಳಲ್ಲಿ ಮಧ್ಯಾಹ್ನದ ಊಟದವರೆಗೆ ಮಾತ್ರ ಉಳಿಯುತ್ತದೆ. ಕೂಸು ಬಾಯಿ ಬಿಗಿದ ಕೂಡಲೇ, ಬೆಳಗಿನಿಂದ ಅಂಜಿಕೆ ಬಿಡಿಸುತ್ತಿದ್ದ ಅದೇ ಆಯಿ, "ಉಣ್ಣು, ಇಲ್ಲಾಂದ್ರ ಕುಕ್ಕರ ಬರತೈತಿ" ಎನ್ನುತ್ತಾಳೆ. ಗುಮ್ಮ ಮೊದಲಿನಿಂದಲೂ ಊಟದ ಸಾಮಾನು. ಅವನಿಗೆ ರೂಪವಿಲ್ಲದ್ದರಿಂದ, ಮನೆಯಲ್ಲಿ ಕೂಸು ಈಗಾಗಲೇ ಅಂಜುವ ವಸ್ತು ಸಿಕ್ಕರೆ ಅದನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಾಗುವುದಿಲ್ಲ. ಒಂದು ಕೈ ಕುಕ್ಕರನ್ನು ಮೊಳದಷ್ಟು ಹತ್ತಿರ ತರುತ್ತದೆ, ಇನ್ನೊಂದು ಕೈ ತುತ್ತಿನ ಜೊತೆ ಎರಡು ಮೊಳ ಹಿಂದೆ ಒಯ್ಯುತ್ತದೆ. ಸೀಟಿಯ ಸದ್ದನ್ನು ಮಾತ್ರ ಯಾರ ಮೇಲೂ ಹೊರಿಸುವಂತಿಲ್ಲ. ಆ ಅಂಜಿಕೆಗೆ, ಮೊದಲು ಪಕ್ಕದ ಮನೆಯ ಸೀಟಿಯನ್ನು, ನಂತರ ಹಿತ್ತಲಲ್ಲಿ ನಿಂತು ಸ್ವಂತ ಮನೆಯದನ್ನು, ಆಮೇಲೆ ಬಾಗಿಲ ಬಳಿ ಕೇಳಿಸುವುದೇ ಮದ್ದು. ಪ್ರತಿ ಸಲ ಎತ್ತಿಕೊಂಡವರು ಅದಕ್ಕೆ ಸರಿಯಾಗಿ "ಸುಂಯ್" ಎಂದು ಬಾಯಿ ಹಾಕಬೇಕು.

ಈ ಕೊನೆಯ ಉಪಾಯ ಚೆನ್ನಾಗಿ ಫಲಿಸುತ್ತದೆ. ವರ್ಷ ತುಂಬುವ ಹೊತ್ತಿಗೆ ಕೂಸು ಜಮಖಾನದ ಮೇಲೆ ಕೂತು ತಾನೇ "ಸುಂಯ್" ಎನ್ನಲು ಕಲಿಯುತ್ತದೆ. ಒಳಗಿನ ಕೋಣೆಯಲ್ಲಿ ಅಕ್ಕಿ ಆರಿಸುತ್ತ ಕೂತ ಆಯಿ ಮೂರು ಸೀಟಿ ಎಣಿಸಿ ಎದ್ದು ಗ್ಯಾಸ್ ಆರಿಸುತ್ತಾಳೆ. ಮೂರರಲ್ಲಿ ಎರಡು ಕೂಸಿನವು. ಅಂದು ಬ್ಯಾಳಿ ಬೆಂದಿರುವುದಿಲ್ಲ.